ಸೆನ್ಸರ್ ಕೊಳ್ಳುವ ಮುನ್ನ ಯಾವ ಸಿಮ್ಯುಲೇಶನ್? ಯಂತ್ರಶಾಲೆಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಹತ್ತು ಹನ್ನೆರಡು ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳನ್ನಿಟ್ಟುಕೊಂಡು ಜಾಬ್‌ವರ್ಕ್ ಮಾಡುವ ಒಂದು ಘಟಕವನ್ನು ಊಹಿಸಿಕೊಳ್ಳಿ. ಮಾಲೀಕರ ಮೇಜಿನ ಮೇಲೆ ಮೂರು ಕೊಟೇಶನ್‌ಗಳಿವೆ. ಮೊದಲನೆಯದು ಪ್ರತಿ ಯಂತ್ರದ ವಿದ್ಯುತ್ ತಂತಿಗೆ ಸಿಕ್ಕಿಸುವ ಕರೆಂಟ್ ಸೆನ್ಸರ್. ಯಂತ್ರ ಓಡುತ್ತಿದೆಯೋ ನಿಂತಿದೆಯೋ ಎಂಬುದನ್ನಷ್ಟೇ ಅದು ಹೇಳುತ್ತದೆ. ಎರಡನೆಯದು ಕಂಟ್ರೋಲರ್‌ನ ಈಥರ್‌ನೆಟ್ ಪೋರ್ಟಿಗೆ ಜೋಡಿಸುವ ಪೆಟ್ಟಿಗೆ. ಅಲಾರಂ ಸಂಖ್ಯೆ, ಪ್ರೋಗ್ರಾಂ ಸಂಖ್ಯೆ, ಸ್ಪಿಂಡಲ್ ಮೇಲಿನ ಹೊರೆ ಎಲ್ಲವನ್ನೂ ಓದಿ ಮೊಬೈಲಿಗೆ ಕಳುಹಿಸುತ್ತದೆ. ಮೂರನೆಯದರಲ್ಲಿ ಕಂಪನ ಅಳೆಯುವ ಸೆನ್ಸರ್‌ಗಳು, ಕ್ಲೌಡ್ ಬಾಡಿಗೆ, ಜೊತೆಗೆ ‘ಡಿಜಿಟಲ್ ಟ್ವಿನ್’ (ಯಂತ್ರಕ್ಕೆ ಕಂಪ್ಯೂಟರಿನಲ್ಲೊಂದು ಅವಳಿ) ಎಂಬ ಹೆಸರು. ಬೆಲೆಗಳ ನಡುವೆ ಅಜಗಜಾಂತರ. ಮೂವರು ಮಾರಾಟಗಾರರೂ ಉತ್ಪಾದನೆ ಏರುತ್ತದೆ ಎನ್ನುತ್ತಾರೆ. ಎಷ್ಟು ಏರುತ್ತದೆ, ಯಾವ ದಾರಿಯಿಂದ ಏರುತ್ತದೆ ಎಂದು ಕೇಳಿದರೆ ಇನ್ಯಾವುದೋ ಕಾರ್ಖಾನೆಯ ಉದಾಹರಣೆ ಕೊಡುತ್ತಾರೆ.

ನಿಮ್ಮದೇ ಕಾರ್ಖಾನೆಯ ಉತ್ತರ ಬೇಕಿದ್ದರೆ ಹಣ ಹಾಕುವ ಮೊದಲು ಅದರ ಮಾದರಿಯನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಬಹುದು, ಅದೇ ಸಿಮ್ಯುಲೇಶನ್. ಆದರೆ ಸಿಮ್ಯುಲೇಶನ್ ಎಂಬ ಒಂದೇ ಹೆಸರಿನ ಕೆಳಗೆ ಹಲವು ಬೇರೆ ಬೇರೆ ವಿದ್ಯೆಗಳು ಸೇರಿಕೊಂಡಿವೆ. ಒಂದು ಉತ್ತರಿಸುವ ಪ್ರಶ್ನೆಯನ್ನು ಇನ್ನೊಂದು ಉತ್ತರಿಸುವುದಿಲ್ಲ. ತಪ್ಪಾದದ್ದನ್ನು ಆರಿಸಿಕೊಂಡರೆ ತಿಂಗಳುಗಟ್ಟಲೆ ಕೆಲಸ ಮಾಡಿ ಸುಂದರವಾದ ಚಿತ್ರವೊಂದನ್ನು ಪಡೆಯುತ್ತೀರಿ, ನಿರ್ಧಾರ ಮಾತ್ರ ಅಲ್ಲೇ ಉಳಿದಿರುತ್ತದೆ.

ಆಯ್ಕೆಗೆ ನಾನು ಹಿಡಿಯುವ ಅಳತೆಗೋಲು ಒಂದೇ. ಸೆನ್ಸರ್ ತಾನಾಗಿ ಒಂದು ಬಿಡಿಭಾಗವನ್ನೂ ಹೆಚ್ಚು ತಯಾರಿಸುವುದಿಲ್ಲ, ಸುದ್ದಿಯನ್ನು ಬೇಗ ಮುಟ್ಟಿಸುತ್ತದೆ ಅಷ್ಟೆ. ಸುದ್ದಿ ಮುಟ್ಟಿದ ಮೇಲೆ ಯಾರು ಎದ್ದು ಹೋಗುತ್ತಾರೆ, ಅವರ ಕೈ ಆ ಹೊತ್ತಿಗೆ ಖಾಲಿಯಿದೆಯೇ, ಹೋದವರಿಗೆ ಏನು ಮಾಡಬೇಕೆಂದು ಗೊತ್ತೇ ಎಂಬುದರ ಮೇಲೆ ಲಾಭ ನಿಂತಿದೆ. ಆದ್ದರಿಂದ ಸುದ್ದಿ ಹುಟ್ಟಿದ ಕ್ಷಣದಿಂದ ಯಂತ್ರ ಮತ್ತೆ ಓಡುವ ಕ್ಷಣದವರೆಗಿನ ಹಾದಿಯನ್ನು ಪೂರ್ತಿಯಾಗಿ ತೋರಿಸಬಲ್ಲ ವಿಧಾನವೇ ನಿಮಗೆ ಬೇಕಾದದ್ದು.

ಮೊದಲು ಎಕ್ಸೆಲ್, ಕೆಲವೊಮ್ಮೆ ಅದೇ ಸಾಕು

ಸಿಮ್ಯುಲೇಶನ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸ್ಪ್ರೆಡ್‌ಶೀಟನ್ನು ಕಡೆಗಣಿಸುತ್ತಾರೆ. ಅದು ಅನ್ಯಾಯ. ಸರತಿ ಸಾಲಿನ ಗಣಿತ ಹಳೆಯದು, ಗಟ್ಟಿಯಾದದ್ದು, ಖರ್ಚಿಲ್ಲದ್ದು. 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ನಿಯಮವೊಂದಿದೆ: ಅಂಗಳದಲ್ಲಿ (ಯಂತ್ರಗಳಿರುವ ಕೆಲಸದ ಜಾಗದಲ್ಲಿ) ಇರುವ ಜಾಬ್‌ಗಳ ಸರಾಸರಿ ಸಂಖ್ಯೆಯೆಂದರೆ ಅವು ಬರುವ ವೇಗ ಮತ್ತು ಒಳಗೆ ಕಳೆಯುವ ಸಮಯ ಇವೆರಡರ ಗುಣಲಬ್ಧ. ಅದೇ ವರ್ಷ ಜಾನ್ ಕಿಂಗ್‌ಮನ್ ಕೊಟ್ಟ ಸೂತ್ರ ಕಾಯುವಿಕೆ ಹೇಗೆ ಬೆಳೆಯುತ್ತದೆ ಎಂದು ತೋರಿಸುತ್ತದೆ. ಯಂತ್ರ ಅಥವಾ ಮನುಷ್ಯನ ಮೇಲಿನ ಹೊರೆ ಶೇ 80 ಇದ್ದಾಗ ಕಾಯುವಿಕೆಯ ಗುಣಕ, ಅಂದರೆ ಒಂದು ಕೆಲಸದ ಸಮಯದ ಸುಮಾರು ಎಷ್ಟು ಪಟ್ಟು ಕಾಯಬೇಕು ಎಂಬುದು, 4. ಹೊರೆ ಶೇ 90 ಆದರೆ ಗುಣಕ 9, ಶೇ 95 ಆದರೆ 19. ಕೊನೆಯ ಕೆಲವು ಅಂಶಗಳ ಹೊರೆ ಎಷ್ಟು ದುಬಾರಿ ಎಂಬುದು ಈ ಮೂರು ಅಂಕಿಗಳಲ್ಲೇ ಇದೆ.

ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. ಇದು ಕಲ್ಪಿಸಿಕೊಂಡ ಯಂತ್ರಶಾಲೆ, ಅಂಕಿಗಳನ್ನು ನಿಮ್ಮವಕ್ಕೆ ಬದಲಾಯಿಸಿಕೊಳ್ಳಬಹುದು. ಹನ್ನೆರಡು ಯಂತ್ರಗಳು, ಒಬ್ಬ ಸೆಟ್ಟರ್ (ಯಂತ್ರವನ್ನು ಜಾಬ್‌ಗೆ ಸಜ್ಜುಗೊಳಿಸುವ, ನಿಂತರೆ ಸರಿಪಡಿಸುವ ಕುಶಲಕರ್ಮಿ). ಪ್ರತಿ ಯಂತ್ರ ಸರಾಸರಿ 240 ನಿಮಿಷ ಓಡಿದ ಮೇಲೆ ಯಾವುದೋ ಕಾರಣಕ್ಕೆ ನಿಲ್ಲುತ್ತದೆ: ಇನ್ಸರ್ಟ್ (ಲೋಹ ಕತ್ತರಿಸುವ ಅಲಗು) ಮುರಿಯಿತು, ಚಿಪ್ಸ್ (ಲೋಹದ ಚೂರು) ಸಿಕ್ಕಿಕೊಂಡಿತು, ಹೈಡ್ರಾಲಿಕ್ ಒತ್ತಡ ಇಳಿಯಿತು. ಒಬ್ಬ ಆಪರೇಟರ್ ಮೂರು ನಾಲ್ಕು ಯಂತ್ರ ನೋಡಿಕೊಳ್ಳುವುದರಿಂದ ನಿಂತದ್ದು ಗಮನಕ್ಕೆ ಬಂದು ಸೆಟ್ಟರ್‌ಗೆ ಸುದ್ದಿ ಮುಟ್ಟಲು 12 ನಿಮಿಷ. ಸರಿಪಡಿಸಲು 15 ನಿಮಿಷ. ಸೆಟ್ಟರ್ ಬೇರೆ ಯಂತ್ರದ ಬಳಿ ಇದ್ದರೆ ಕಾಯಬೇಕು.

ಕರೆಂಟ್ ಸೆನ್ಸರ್ ಹಾಕಿದರೆ ಸುದ್ದಿ ಮುಟ್ಟುವ ಸಮಯ 12ರಿಂದ 2 ನಿಮಿಷಕ್ಕೆ ಇಳಿಯುತ್ತದೆ ಎನ್ನೋಣ. ಅಲಾರಂ ಸಂಖ್ಯೆಯನ್ನೂ ಓದುವ ಪೆಟ್ಟಿಗೆ ಹಾಕಿದರೆ ಸೆಟ್ಟರ್ ಸರಿಯಾದ ಸಾಮಾನನ್ನು ಕೈಯಲ್ಲಿ ಹಿಡಿದೇ ಬರುತ್ತಾರೆ, ರಿಪೇರಿಯೂ 15ರಿಂದ 12 ನಿಮಿಷಕ್ಕೆ ಇಳಿಯುತ್ತದೆ ಎನ್ನೋಣ. ಯಂತ್ರಗಳ ಸಂಖ್ಯೆ ಮಿತವಾಗಿರುವ ಸರತಿಯ ಪ್ರಮಾಣಿತ ಸೂತ್ರಕ್ಕೆ ಇವನ್ನು ಹಾಕಿದರೆ ಸಿಗುವ ಫಲಿತಾಂಶ ಹೀಗಿದೆ:

| ವ್ಯವಸ್ಥೆ | ಪ್ರತಿ ನಿಲುಗಡೆಗೆ ಕಳೆದುಹೋಗುವ ನಿಮಿಷಗಳು | ಯಂತ್ರ ಓಡುವ ಸಮಯದ ಪಾಲು |
|---|---|---|
| ಒಬ್ಬ ಸೆಟ್ಟರ್, ಸೆನ್ಸರ್ ಇಲ್ಲ | 44.4 | ಶೇ 84.4 |
| ಒಬ್ಬ ಸೆಟ್ಟರ್, ಕರೆಂಟ್ ಸೆನ್ಸರ್ | 35.5 | ಶೇ 87.1 |
| ಇಬ್ಬರು ಸೆಟ್ಟರ್, ಸೆನ್ಸರ್ ಇಲ್ಲ | 28.4 | ಶೇ 89.4 |
| ಒಬ್ಬ ಸೆಟ್ಟರ್, ಅಲಾರಂ ಓದುವ ಪೆಟ್ಟಿಗೆ | 24.5 | ಶೇ 90.7 |
| ಇಬ್ಬರು ಸೆಟ್ಟರ್, ಕರೆಂಟ್ ಸೆನ್ಸರ್ | 18.5 | ಶೇ 92.8 |

ಮೊದಲ ಸಾಲನ್ನು ಬಿಡಿಸಿ ನೋಡಿ. 44.4 ನಿಮಿಷದಲ್ಲಿ 12 ಸುದ್ದಿಗೆ, 15 ರಿಪೇರಿಗೆ, ಉಳಿದ 17.4 ನಿಮಿಷ ಸೆಟ್ಟರ್‌ಗಾಗಿ ಕಾಯುವುದಕ್ಕೆ. ದೊಡ್ಡ ಪಾಲು ಕಾಯುವಿಕೆಯದು, ಕರೆಂಟ್ ಸೆನ್ಸರ್ ಅದನ್ನು ಮುಟ್ಟುವುದೇ ಇಲ್ಲ. ಮುಟ್ಟದಿರುವುದಷ್ಟೇ ಅಲ್ಲ, ಸುದ್ದಿಗಳು ಬೇಗ ಬೇಗ ಬರುವುದರಿಂದ ಸಾಲು ಸ್ವಲ್ಪ ಉದ್ದವೇ ಆಗುತ್ತದೆ. ಸೆನ್ಸರ್ 10 ನಿಮಿಷ ಉಳಿಸಿದರೂ ಯಂತ್ರಕ್ಕೆ ದಕ್ಕುವುದು 9 ನಿಮಿಷಕ್ಕಿಂತ ಕೊಂಚ ಕಡಿಮೆ. ಬರಿಯ ಕರೆಂಟ್ ಸೆನ್ಸರ್‌ಗಿಂತ ಇನ್ನೊಬ್ಬ ಸೆಟ್ಟರ್ ಹೆಚ್ಚು ಉಪಯೋಗ. ಆದರೆ ಕಾರಣವನ್ನೂ ಹೇಳುವ ಪೆಟ್ಟಿಗೆ, ರಿಪೇರಿಯಲ್ಲಿ ಬರೇ 3 ನಿಮಿಷ ಉಳಿಸಿದರೂ, ಎರಡನೆಯ ಸೆಟ್ಟರ್‌ನನ್ನೂ ಮೀರಿಸುತ್ತದೆ. ಒಬ್ಬನೇ ಮನುಷ್ಯನ ಸಾಲಿನಲ್ಲಿ ಕೆಲಸದ ಸಮಯ ಇಳಿದರೆ ಹಿಂದೆ ನಿಂತ ಎಲ್ಲರ ಕಾಯುವಿಕೆಯೂ ಇಳಿಯುತ್ತದೆ, ಅದೇ ಇದರ ಗುಟ್ಟು. ನಿಮ್ಮಲ್ಲಿ ಆ 3 ನಿಮಿಷ ನಿಜವಾಗಿ ಉಳಿಯುತ್ತದೆಯೇ ಎಂಬುದನ್ನು ಸೆಟ್ಟರ್ ಒಬ್ಬರೇ ಹೇಳಬಲ್ಲರು. ಕೊಟೇಶನ್‌ಗಳನ್ನು ಹರಡಿಕೊಂಡು ಕೂರುವಾಗ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಇಷ್ಟು ಲೆಕ್ಕಕ್ಕೆ ಸಿಮ್ಯುಲೇಶನ್ ಬೇಕಾಗಲಿಲ್ಲ. ಎಲ್ಲ ಯಂತ್ರಗಳೂ ಒಂದೇ ಬಗೆ, ನಿಲುಗಡೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆ, ಸೆಟ್ಟರ್‌ಗೆ ಬೇರೆ ಕೆಲಸವಿಲ್ಲ ಎಂದು ಒಪ್ಪಿಕೊಂಡಿದ್ದೇವೆ. ನಿಮ್ಮ ಅಂಗಳ ಇದಕ್ಕೆ ಹತ್ತಿರವಿದ್ದರೆ ಇಲ್ಲಿಗೇ ನಿಲ್ಲಿಸಿ, ಹಣ ಉಳಿಸಿ.

ಘಟನೆಗಳ ಸಿಮ್ಯುಲೇಶನ್: ಹೆಚ್ಚಿನವರಿಗೆ ಒಗ್ಗುವ ಆಯ್ಕೆ

ಬಹುತೇಕ ಅಂಗಳಗಳು ಅಷ್ಟು ಸರಳವಾಗಿರುವುದಿಲ್ಲ. ಸೆಟ್ಟರ್ ಜಾಬ್ ಬದಲಾಯಿಸುವ ಸೆಟ್ಟಿಂಗನ್ನೂ ಮಾಡಬೇಕು. ಒಂದು ಗ್ರೈಂಡಿಂಗ್ ಯಂತ್ರ ನಿಂತರೆ ಹಿಂದಿನ ನಾಲ್ಕು ಯಂತ್ರಗಳ ಮಾಲು ರಾಶಿ ಬೀಳುತ್ತದೆ. ರಾತ್ರಿ ಪಾಳಿಯಲ್ಲಿ ಸೆಟ್ಟರ್ ಇರುವುದಿಲ್ಲ. ಗ್ರಾಹಕರ ತುರ್ತು ಆರ್ಡರ್ ಬಂದರೆ ಸಾಲು ಮುರಿಯುತ್ತದೆ. ಇಂಥ ಕಡೆ ಸೂತ್ರ ಸೋಲುತ್ತದೆ, ಘಟನೆಗಳ ಸಿಮ್ಯುಲೇಶನ್ ಗೆಲ್ಲುತ್ತದೆ. ಗಡಿಯಾರವನ್ನು ಸೆಕೆಂಡು ಸೆಕೆಂಡಾಗಿ ಓಡಿಸುವ ಬದಲು ಇದು ಒಂದು ಘಟನೆಯಿಂದ ಮುಂದಿನ ಘಟನೆಗೆ ನೆಗೆಯುತ್ತದೆ: ಯಂತ್ರ ನಿಂತಿತು, ಸುದ್ದಿ ಹೋಯಿತು, ಸೆಟ್ಟರ್ ಬಿಡುವಾದರು, ಯಂತ್ರ ಓಡಿತು. ಒಂದು ವರ್ಷದ ಉತ್ಪಾದನೆ ಮಾಮೂಲಿ ಲ್ಯಾಪ್‌ಟಾಪಿನಲ್ಲಿ ಕ್ಷಣಮಾತ್ರದಲ್ಲಿ ಮುಗಿಯುತ್ತದೆ.

ಈ ವಿದ್ಯೆ ಸೆನ್ಸರ್‌ಗಳಿಗಿಂತ ಎಷ್ಟೋ ಹಿರಿಯದು. 1950ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಯುನೈಟೆಡ್ ಸ್ಟೀಲ್ ಕಂಪನಿಯಲ್ಲಿ ಕೆ. ಡಿ. ಟೋಚರ್ ಉಕ್ಕಿನ ಸ್ಥಾವರಗಳಿಗಾಗಿಯೇ ಇಂಥ ಪ್ರೋಗ್ರಾಂ ಬರೆದರು. 1961ರಲ್ಲಿ ಐಬಿಎಂನ ಜೆಫ್ರಿ ಗಾರ್ಡನ್ ಜಿಪಿಎಸ್ಎಸ್ ಎಂಬ ಭಾಷೆಯನ್ನು ಹೊರತಂದರು. ಕಾರ್ಖಾನೆಯ ಕಾಯುವಿಕೆಯನ್ನು ಬಿಡಿಸುವುದೇ ಆರಂಭದಿಂದಲೂ ಇದರ ಕಸುಬು.

ಯಂತ್ರಗಳನ್ನು ಜಾಲಕ್ಕೆ ಜೋಡಿಸುವ ಇಂಥ ಯೋಜನೆಗೆ ಇದು ಯಾಕೆ ಹೊಂದುತ್ತದೆ ಎಂಬುದಕ್ಕೆ ಸುಳ್ಳು ಅಲಾರಂ ಒಳ್ಳೆಯ ಸಾಕ್ಷಿ. ಆಪರೇಟರ್ ಮಾಲು ತೆಗೆದು ಹೊಸದನ್ನು ಹಾಕುವಾಗಲೂ ಕರೆಂಟ್ ಇಳಿಯುತ್ತದೆ. ಕರೆಂಟ್ ಸೆನ್ಸರ್ ಅದನ್ನೂ ನಿಲುಗಡೆ ಎಂದು ತಿಳಿದು ಸಂದೇಶ ಕಳುಹಿಸಬಹುದು. ಪ್ರತಿ ಯಂತ್ರದಿಂದ ಎರಡು ಗಂಟೆಗೊಂದು ಸುಳ್ಳು ಸಂದೇಶ, ಪ್ರತಿಯೊಂದಕ್ಕೂ ಸೆಟ್ಟರ್‌ಗೆ 3 ನಿಮಿಷದ ಓಡಾಟ ಎನ್ನೋಣ. ಹನ್ನೆರಡು ಯಂತ್ರಗಳಿಂದ ಗಂಟೆಗೆ ಆರು ಸಂದೇಶ, 18 ನಿಮಿಷ. ಅಂದರೆ ಸೆಟ್ಟರ್ ಸಮಯದ ಶೇ 30. ಮೇಲಿನ ಉದಾಹರಣೆಯಲ್ಲಿ ಅವರ ಸಮಯದ ಶೇ 65ರಷ್ಟು ಆಗಲೇ ನಿಜವಾದ ರಿಪೇರಿಗೆ ಹೋಗುತ್ತಿತ್ತು. ಎರಡೂ ಸೇರಿದರೆ ಶೇ 95, ಕಿಂಗ್‌ಮನ್ ಸೂತ್ರ ಎಚ್ಚರಿಸಿದ ಜಾಗವೇ ಅದು. ನಿಜಜೀವನದಲ್ಲಿ ಸೆಟ್ಟರ್ ಅಷ್ಟು ದಿನ ಓಡಾಡುವುದೂ ಇಲ್ಲ. ವಾರದೊಳಗೆ ಮೊಬೈಲನ್ನು ಮೌನಕ್ಕೆ ಹಾಕಿ ಜೇಬಿಗಿಳಿಸುತ್ತಾರೆ, ನಿಜವಾದ ಸಂದೇಶವೂ ಅದರೊಂದಿಗೇ ಸಾಯುತ್ತದೆ. ಅವರನ್ನು ದೂರಿ ಪ್ರಯೋಜನವಿಲ್ಲ, ವ್ಯವಸ್ಥೆಯನ್ನು ಹಾಗೆ ಕಟ್ಟಿದವರ ತಪ್ಪು ಅದು. ಸಂದೇಶವನ್ನು ಎಷ್ಟು ನಿಮಿಷ ತಡೆದು ಕಳುಹಿಸಬೇಕು, ಯಾವ ಯಂತ್ರಕ್ಕೆ ಆದ್ಯತೆ, ಸುಳ್ಳಿನ ಪಾಲು ಎಷ್ಟಿದ್ದರೆ ಲಾಭ ನಷ್ಟವಾಗಿ ತಿರುಗುತ್ತದೆ, ಇವನ್ನೆಲ್ಲ ಘಟನೆಗಳ ಸಿಮ್ಯುಲೇಶನ್‌ನಲ್ಲಿ ಒಂದೊಂದಾಗಿ ಬದಲಾಯಿಸಿ ನೋಡಬಹುದು.

ಯಾವ ತಂತ್ರಾಂಶ? ಪೈಥಾನ್ ಬಲ್ಲ ಎಂಜಿನಿಯರ್ ಒಬ್ಬರು ನಿಮ್ಮಲ್ಲಿದ್ದರೆ ಸಿಮ್‌ಪೈ. ಉಚಿತ, ಮುಕ್ತ ಆಕರದ್ದು, ಯಾವ ಅಲಂಕಾರವೂ ಇಲ್ಲ. ಯಂತ್ರದ ಬದುಕನ್ನು ಅದರಲ್ಲಿ ಕೆಲವೇ ಸಾಲುಗಳಲ್ಲಿ ಬರೆಯಬಹುದು: ಇಷ್ಟು ಹೊತ್ತು ಓಡು, ನಿಲ್ಲು, ಸುದ್ದಿಗಾಗಿ ಕಾಯಿ, ಸೆಟ್ಟರ್‌ನನ್ನು ಕೇಳು, ಸಿಕ್ಕ ಮೇಲೆ ಇಷ್ಟು ಹೊತ್ತು ರಿಪೇರಿ, ಸೆಟ್ಟರ್‌ನನ್ನು ಬಿಡು, ಮತ್ತೆ ಮೊದಲಿನಿಂದ. ಪ್ರೋಗ್ರಾಂ ಬರೆಯದೆ ಎಳೆದು ಜೋಡಿಸುವ ಬಗೆ ಬೇಕಿದ್ದರೆ ಜಾಮ್‌ಸಿಮ್. ಅದೂ ಉಚಿತ, ಮೂರು ಆಯಾಮದ ಚಿತ್ರವನ್ನೂ ತೋರಿಸುತ್ತದೆ. ಸಣ್ಣ ಘಟಕಗಳಿಗೆ ನನ್ನ ಮೊದಲ ಸಲಹೆ ಈ ಎರಡೇ.

ಹಣ ಕೊಟ್ಟು ಕೊಳ್ಳುವವುಗಳಲ್ಲಿ ರಾಕ್‌ವೆಲ್‌ನ ಅರೀನಾ, ಸೀಮೆನ್ಸ್‌ನ ಪ್ಲಾಂಟ್ ಸಿಮ್ಯುಲೇಶನ್, 2023ರಲ್ಲಿ ಆಟೋಡೆಸ್ಕ್ ತೆಕ್ಕೆಗೆ ಬಂದ ಫ್ಲೆಕ್ಸ್‌ಸಿಮ್, ಎನಿಲಾಜಿಕ್ ಮುಖ್ಯವಾದವು. ಎನಿಲಾಜಿಕ್‌ಗೆ ಕಲಿಕೆಗೆಂದೇ ಉಚಿತ ಆವೃತ್ತಿಯೊಂದಿದೆ, ಆದರೆ ಅದು ವ್ಯಾಪಾರಿ ಕೆಲಸಕ್ಕಲ್ಲ ಎಂಬುದನ್ನು ಮರೆಯಬೇಡಿ. ಇವುಗಳ ಲೈಸೆನ್ಸಿಗೆ ಹಾಕಿದ ಹಣ ಹುಟ್ಟುವುದು ವರ್ಷವಿಡೀ ಲೇಔಟ್ ಬದಲಾಯಿಸುವ ದೊಡ್ಡ ಕಾರ್ಖಾನೆಗಳಲ್ಲಿ, ಅಥವಾ ಇದನ್ನೇ ಕಸುಬಾಗಿಸಿಕೊಂಡ ಸಲಹೆಗಾರರಲ್ಲಿ. ಒಂದು ನಿರ್ಧಾರಕ್ಕಾಗಿ ಕೊಳ್ಳುವುದು ದುಂದು.

ಓಡಾಡುವ ಚಿತ್ರಕ್ಕೆ ಮರುಳಾಗಬೇಡಿ ಎಂದು ಹೇಳುವುದು ವಾಡಿಕೆ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಚಿತ್ರ ಮಾಲೀಕರನ್ನು ಒಪ್ಪಿಸಲು ಅಪಾಯಕಾರಿ, ಏಕೆಂದರೆ ತಪ್ಪು ಲೆಕ್ಕವೂ ಚಿತ್ರದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಆಪರೇಟರ್‌ಗಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಅಂಕಿಗಳ ಪಟ್ಟಿ ಕೊಟ್ಟರೆ ಅವರು ಸುಮ್ಮನಿರುತ್ತಾರೆ. ಪರದೆಯ ಮೇಲೆ ಮಾಲು ಚಲಿಸುವುದನ್ನು ಕಂಡರೆ ‘ಇಲ್ಲ ಸಾರ್, ಆ ಯಂತ್ರ ನಿಂತರೆ ನಾವು ಪಕ್ಕದ ಹಳೆಯ ಲೇತಿಗೆ ಹಾಕಿಬಿಡುತ್ತೇವೆ’ ಎಂಬಂಥ ಮಾತು ಬರುತ್ತದೆ. ಯಾವ ದಾಖಲೆಯಲ್ಲೂ ಇಲ್ಲದ ಆ ಒಂದು ಮಾತಿನಿಂದ ಮಾದರಿ ಅರ್ಧ ಸರಿಯಾಗುತ್ತದೆ.

ಜಾಲದ ಸಿಮ್ಯುಲೇಶನ್: ಮಾಹಿತಿ ತಲುಪುತ್ತದೆಯೇ ಎಂಬ ಪ್ರಶ್ನೆಗೆ

ಇದು ಬೇರೆಯೇ ಪ್ರಶ್ನೆ. ಎನ್‌ಎಸ್-3, ಓಎಂನೆಟ್++ ಎಂಬ ತಂತ್ರಾಂಶಗಳು ಮಾಹಿತಿಯ ಒಂದೊಂದು ತುಣುಕು (ಪ್ಯಾಕೆಟ್) ಎಲ್ಲಿಂದ ಹೊರಟು ಎಲ್ಲಿಗೆ ಎಷ್ಟು ತಡವಾಗಿ ಮುಟ್ಟಿತು, ದಾರಿಯಲ್ಲಿ ಕಳೆದುಹೋಯಿತೇ ಎಂದು ಲೆಕ್ಕ ಹಾಕುತ್ತವೆ. ನಿಮಗೆ ಇದು ಬೇಕೇ ಎಂದು ತಿಳಿಯಲು ಒಂದು ಗುಣಾಕಾರ ಸಾಕು.

ಹನ್ನೆರಡು ಯಂತ್ರಗಳಿಂದ ಸೆಕೆಂಡಿಗೊಮ್ಮೆ 100 ಬೈಟ್‌ನ ಸಂದೇಶ ಬಂದರೆ ಸೆಕೆಂಡಿಗೆ 1,200 ಬೈಟ್. ಅಂಗಡಿಯಲ್ಲಿ ಸಿಗುವ ಯಾವುದೇ ವೈಫೈ ರೂಟರ್‌ಗೂ ಇದು ಹೊರೆಯಲ್ಲ, ಸಿಮ್ಯುಲೇಶನ್ ಅನಗತ್ಯ. ಈಗ ಮೂರನೆಯ ಕೊಟೇಶನ್ ನೋಡಿ. ಕಂಪನದ ಸೆನ್ಸರ್ ಮೂರು ದಿಕ್ಕುಗಳಲ್ಲಿ ಸೆಕೆಂಡಿಗೆ 10,000 ಸಲ, ಪ್ರತಿ ಸಲಕ್ಕೆ 2 ಬೈಟ್‌ನಂತೆ ಅಳೆದರೆ ಸೆಕೆಂಡಿಗೆ 60,000 ಬೈಟ್. ಒಂದು ಸೆನ್ಸರ್‌ನಿಂದ ದಿನಕ್ಕೆ 5 ಗಿಗಾಬೈಟ್‌ಗೂ ಹೆಚ್ಚು. ಇಂಥ ಇಪ್ಪತ್ತು ಸೆನ್ಸರ್‌ಗಳಿದ್ದರೆ ಬಿಡುವಿಲ್ಲದೆ ಸೆಕೆಂಡಿಗೆ 9.6 ಮೆಗಾಬಿಟ್ ಮೇಲಕ್ಕೆ ಹರಿಯಬೇಕು. ಅದಕ್ಕಾಗಿಯೇ ಇಂಥ ಮಾಹಿತಿಯನ್ನು ಯಂತ್ರದ ಬಳಿಯಲ್ಲೇ ಅರೆದು, ಸಾರವನ್ನಷ್ಟೇ ಕಳುಹಿಸಬೇಕು. ಎಲ್ಲಿ ಅರೆಯಬೇಕು, ಎಷ್ಟು ಕಳುಹಿಸಬೇಕು ಎಂಬ ಆಯ್ಕೆಯಿದ್ದಾಗ ಜಾಲದ ಸಿಮ್ಯುಲೇಶನ್ ಬೆಲೆಬಾಳುತ್ತದೆ.

ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಂದೇಶ ಕಳುಹಿಸುವ ಲೋರಾ ರೇಡಿಯೋ ಬಳಸುವವರಿಗೂ ಇದು ಬೇಕಾಗಬಹುದು. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಅವಕಾಶವಿದೆ. ದೂರ ಹೋಗುತ್ತದೆ, ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ, ನೀರಿನ ಟ್ಯಾಂಕಿನ ಮಟ್ಟ, ಕಂಪ್ರೆಸರ್ ಮೀಟರ್‌ಗಳಿಗೆ ಹೇಳಿ ಮಾಡಿಸಿದ್ದು. ಆದರೆ ಅದರ ಸಾಧನಗಳು ಒಬ್ಬರನ್ನೊಬ್ಬರು ಕೇಳದೆ ಮಾತಾಡುತ್ತವೆ, ಇಬ್ಬರು ಒಟ್ಟಿಗೆ ಮಾತಾಡಿದರೆ ಸಂದೇಶ ಹಾಳಾಗಬಹುದು. ಅಲೋಹಾ ಎಂಬ ಈ ಬಗೆಯ ಸಂವಹನದಲ್ಲಿ ಒಂದು ಚಾನೆಲಿನ ಸಾಮರ್ಥ್ಯದ ಶೇ 18ರಷ್ಟನ್ನು ಮಾತ್ರ ಉಪಯೋಗಕ್ಕೆ ತರಬಹುದು ಎಂಬುದು ಸಿದ್ಧಾಂತ ಹೇಳುವ ಮಿತಿ. ಅತಿ ನಿಧಾನದ ಹಂತದಲ್ಲಿ ಪುಟ್ಟ ಸಂದೇಶವೂ ಗಾಳಿಯಲ್ಲಿ ಒಂದು ಸೆಕೆಂಡಿಗಿಂತ ಹೆಚ್ಚು ಇರುತ್ತದೆ. ನಿಂತ ಯಂತ್ರದ ಸುದ್ದಿಯನ್ನು ತಪ್ಪದೆ ಮುಟ್ಟಿಸುವ ಕೆಲಸವನ್ನು ಅದಕ್ಕೆ ವಹಿಸಬೇಡಿ.

ಇಷ್ಟಾದರೂ ಜಾಲದ ಸಿಮ್ಯುಲೇಶನ್‌ಗೆ ನಿಮ್ಮ ಶೆಡ್ಡಿನ ತಗಡಿನ ಗೋಡೆ, ಓಡಾಡುವ ಕ್ರೇನ್, ವೆಲ್ಡಿಂಗ್ ಸೆಟ್ ಯಾವುದೂ ಗೊತ್ತಿಲ್ಲ. ರೇಡಿಯೋ ಸಂಕೇತದ ವಿಷಯದಲ್ಲಿ ಎರಡು ಅಗ್ಗದ ಬೋರ್ಡ್ ಹಿಡಿದು ಪಾಳಿಯಿಡೀ ಅಂಗಳದಲ್ಲಿ ಅಳೆದುಕೊಂಡು ಬರುವುದೇ ಉತ್ತಮ. ಸಾಧ್ಯವಿದ್ದಲ್ಲಿ ತಂತಿಯನ್ನೇ ಎಳೆಯಿರಿ. ಆರ್‌ಎಸ್-485 ತಂತಿ ನಿಧಾನದ ವೇಗದಲ್ಲಿ 1,200 ಮೀಟರ್‌ವರೆಗೆ ಹೋಗುತ್ತದೆ, ಹಳೆಯ ಯಂತ್ರಗಳ ಮಟ್ಟಿಗೆ ಇಂದಿಗೂ ಅದರಷ್ಟು ನಂಬಿಕಸ್ಥ ಆಯ್ಕೆ ವಿರಳ.

ವರ್ಚುವಲ್ ಕಮಿಷನಿಂಗ್ ಮತ್ತು ಇತರ ಎರಡು

ಹೊಸ ಕನ್ವೇಯರ್, ರೋಬೋ ಇರುವ ಸೆಲ್, ತಾನಾಗಿ ಚಲಿಸುವ ಗಾಡಿಗಳನ್ನು ತರುತ್ತಿದ್ದೀರಾದರೆ ಮಾತ್ರ ವರ್ಚುವಲ್ ಕಮಿಷನಿಂಗ್ ಕಡೆ ನೋಡಿ. ಇಲ್ಲಿ ಪಿಎಲ್‌ಸಿಗೆ (ಯಂತ್ರಗಳನ್ನು ನಿಯಂತ್ರಿಸುವ ಕೈಗಾರಿಕಾ ಕಂಪ್ಯೂಟರಿಗೆ) ಬರೆದ ನಿಜವಾದ ಪ್ರೋಗ್ರಾಮನ್ನೇ ಕಂಪ್ಯೂಟರಿನೊಳಗಿನ ಯಂತ್ರಕ್ಕೆ ಜೋಡಿಸಿ ಪರೀಕ್ಷಿಸುತ್ತಾರೆ. ಸೀಮೆನ್ಸ್ ಪಿಎಲ್‌ಸಿಗಳಿಗೆ ಪಿಎಲ್‌ಸಿಸಿಮ್ ಅಡ್ವಾನ್ಸ್ಡ್ ಇದೆ, ಕಲಿಯುವವರಿಗೆ ಫ್ಯಾಕ್ಟರಿ ಐಒ ಸುಲಭ. ಮಿಲಿಸೆಕೆಂಡುಗಳ ಲೆಕ್ಕ ಇದು. ಸೆನ್ಸರ್ ಸಂಕೇತ ತಡವಾದರೆ ಗ್ರಿಪ್ಪರ್ ಎಲ್ಲಿ ಡಿಕ್ಕಿ ಹೊಡೆಯುತ್ತದೆ ಎಂಬುದು ಸ್ಥಳಕ್ಕೆ ಯಂತ್ರ ಬರುವ ಮೊದಲೇ ತಿಳಿಯುತ್ತದೆ. ಆದರೆ ಮಾದರಿ ಕಟ್ಟುವ ಶ್ರಮ ದೊಡ್ಡದು. ಈಗಾಗಲೇ ಓಡುತ್ತಿರುವ ಲೇತ್‌ಗಳಿಗೆ ಸೆನ್ಸರ್ ಹಾಕುವವರಿಗೆ ಇದರಿಂದ ಏನೂ ಸಿಗುವುದಿಲ್ಲ.

ಸಿಸ್ಟಮ್ ಡೈನಾಮಿಕ್ಸ್ ವರ್ಷಗಳ ಲೆಕ್ಕದ್ದು. ಜನರಲ್ ಎಲೆಕ್ಟ್ರಿಕ್‌ನ ಕೆಂಟಕಿ ಕಾರ್ಖಾನೆಗಳಲ್ಲಿ ಉದ್ಯೋಗ ಮೂರು ವರ್ಷಕ್ಕೊಮ್ಮೆ ಏರಿ ಇಳಿಯುವುದು ಏಕೆ ಎಂದು ಹುಡುಕುತ್ತ ಎಂಐಟಿಯ ಜೇ ಫಾರೆಸ್ಟರ್ ಇದನ್ನು ಬೆಳೆಸಿದರು. ಕಾರಣ ಮಾರುಕಟ್ಟೆಯಲ್ಲಿರಲಿಲ್ಲ, ಕಂಪನಿಯದೇ ನೇಮಕ ಮತ್ತು ದಾಸ್ತಾನಿನ ನಿರ್ಧಾರಗಳಲ್ಲಿತ್ತು. ತರಬೇತಾದವರು ಕೆಲಸ ಬಿಟ್ಟರೆ ಏನಾಗುತ್ತದೆ, ಹಲವು ಘಟಕಗಳಿಗೆ ಯಾವ ವೇಗದಲ್ಲಿ ಹರಡಬೇಕು ಎಂಬ ಪ್ರಶ್ನೆಗಳಿಗೆ ಇದು ಸರಿ. ಏಜೆಂಟ್ ಆಧಾರಿತ ಸಿಮ್ಯುಲೇಶನ್ ಬೇಕಾಗುವುದು ಪ್ರತಿ ಗಾಡಿ, ಪ್ರತಿ ಜಾಬ್ ತಾನೇ ದಾರಿ ಆರಿಸಿಕೊಳ್ಳುವ ದೊಡ್ಡ ಗೋದಾಮುಗಳಲ್ಲಿ. ನಮ್ಮ ಹನ್ನೆರಡು ಯಂತ್ರಗಳ ಅಂಗಳಕ್ಕೆ ಎರಡೂ ಬೇಡ.

ಡಿಜಿಟಲ್ ಟ್ವಿನ್ ಯೋಜನೆಯ ಹಂತದಲ್ಲಿ ಉಪಯೋಗಕ್ಕೆ ಬರುತ್ತದೆಯೇ?

ಅವಳಿ ಎಂಬ ಕಲ್ಪನೆಗೆ 2002ರ ಸುಮಾರಿಗೆ ಮೈಕಲ್ ಗ್ರೀವ್ಸ್ ರೂಪ ಕೊಟ್ಟರು. ಉತ್ಪಾದನೆಯಲ್ಲಿ ಅದು ಹೇಗಿರಬೇಕೆಂದು ಹೇಳುವ ಐಎಸ್‌ಒ 23247 ಮಾನಕ 2021ರಲ್ಲಿ ಬಂದಿತು. 2018ರಲ್ಲಿ ಕ್ರಿಟ್ಜಿಂಗರ್ ಮತ್ತು ಸಂಗಡಿಗರು ಮಾಡಿದ ವಿಂಗಡಣೆ ಕೊಳ್ಳುವವರಿಗೆ ಬಹಳ ಉಪಯುಕ್ತ. ಮಾಹಿತಿಯನ್ನು ಕೈಯಿಂದ ತುಂಬಿದರೆ ಅದು ಮಾದರಿ. ಯಂತ್ರದಿಂದ ತಾನಾಗಿ ಹರಿದು ಬಂದರೆ ನೆರಳು. ಕಂಪ್ಯೂಟರಿನಿಂದ ಯಂತ್ರಕ್ಕೂ ತಾನಾಗಿ ಹಿಂತಿರುಗಿದರೆ ಮಾತ್ರ ಅವಳಿ.

ಇದರಿಂದಲೇ ಒಂದು ಮಾತು ಸ್ಪಷ್ಟವಾಗುತ್ತದೆ. ಅವಳಿಗೆ ಆಹಾರ ಯಂತ್ರದಿಂದ ಬರುವ ಜೀವಂತ ಮಾಹಿತಿ. ಸೆನ್ಸರ್ ಹಾಕಬೇಕೇ ಎಂದು ಯೋಚಿಸುತ್ತಿರುವ ಕಾರ್ಖಾನೆಯಲ್ಲಿ ಆ ಮಾಹಿತಿಯೇ ಇನ್ನೂ ಇಲ್ಲ. ಹಾಗಾಗಿ ಸೆನ್ಸರ್ ಯೋಜನೆಗಾಗಿ ಡಿಜಿಟಲ್ ಟ್ವಿನ್ ಕೊಡುತ್ತೇವೆ ಎನ್ನುವವರು ನಿಜಕ್ಕೂ ಕೊಡುವುದು ಘಟನೆಗಳ ಸಿಮ್ಯುಲೇಶನ್ ಅಥವಾ ಬರಿಯ ಮೂರು ಆಯಾಮದ ಚಿತ್ರ. ಮೊದಲನೆಯದಾದರೆ ಅದೇ ಹೆಸರಿನಲ್ಲಿ, ಅದೇ ಬೆಲೆಗೆ ಕೇಳಿ. ಬಿಎಂಡಬ್ಲ್ಯೂ ತನ್ನ ಹಂಗೆರಿಯ ದೆಬ್ರೆತ್ಸೆನ್ ಕಾರ್ಖಾನೆಯನ್ನು ಪೂರ್ತಿಯಾಗಿ ಕಂಪ್ಯೂಟರಿನಲ್ಲಿ ಯೋಜಿಸಿ 2023ರಲ್ಲಿ ಅದರ ವರ್ಚುವಲ್ ಉದ್ಘಾಟನೆ ಮಾಡಿತು, ನಿಜವಾದ ಕಾರು ಉತ್ಪಾದನೆ ಶುರುವಾದದ್ದು 2025ರಲ್ಲಿ. ಖಾಲಿ ನೆಲದ ಮೇಲೆ ಕಟ್ಟುವ ಅಂಥ ಬೃಹತ್ ಕಾರ್ಖಾನೆಗೆ ಆ ಖರ್ಚು ಸಲ್ಲುತ್ತದೆ. ಅದನ್ನು ತೋರಿಸಿ ಜಾಬ್‌ವರ್ಕ್ ಘಟಕಕ್ಕೆ ಮಾರುವುದು ಸಲ್ಲದು.

ಸಿಮ್ಯುಲೇಶನ್ ಅಥವಾ ಎರಡು ಯಂತ್ರಗಳ ಪ್ರಯೋಗ?

ನಿಜವಾದ ಪೈಪೋಟಿ ಇರುವುದು ಇಲ್ಲಿ. ‘ಸಿಮ್ಯುಲೇಶನ್ ಎಲ್ಲ ಯಾಕೆ, ಎರಡು ಯಂತ್ರಕ್ಕೆ ಹಾಕಿ ನೋಡೋಣ’ ಎನ್ನುವ ಮಾಲೀಕರ ಮಾತಿನಲ್ಲಿ ಹುರುಳಿದೆ. ಪ್ರಯೋಗ ಮಾತ್ರ ಹೇಳಬಲ್ಲ ಸಂಗತಿಗಳಿವೆ: ಹಳೆಯ ಕಂಟ್ರೋಲರ್ ಮಾಹಿತಿ ಕೊಡುತ್ತದೆಯೇ, ಕೂಲಂಟ್ ಎಣ್ಣೆಯ ನಡುವೆ ಸೆನ್ಸರ್ ಬಾಳುತ್ತದೆಯೇ, ಸಂದೇಶ ಬಂದಾಗ ಜನ ನಿಜವಾಗಿ ಏನು ಮಾಡುತ್ತಾರೆ.

ಆದರೆ ಲಾಭದ ಅಂದಾಜಿಗೆ ಎರಡು ಯಂತ್ರಗಳ ಪ್ರಯೋಗವನ್ನು ನಂಬಿದರೆ ಕೆಡುತ್ತೀರಿ. ಎಲ್ಲರ ಕಣ್ಣು ಆ ಎರಡರ ಮೇಲಿರುವುದರಿಂದ ಸೆಟ್ಟರ್ ಮೊದಲು ಅಲ್ಲಿಗೇ ಓಡುತ್ತಾರೆ. ಉಳಿದ ಹತ್ತು ಯಂತ್ರಗಳು ಕಾಯುತ್ತವೆ, ಅವುಗಳ ನಷ್ಟವನ್ನು ಅಳೆಯಲು ಅಲ್ಲಿ ಸೆನ್ಸರೇ ಇಲ್ಲ. ಹನ್ನೆರಡಕ್ಕೂ ಹಾಕಿದ ದಿನ ಆ ಆದ್ಯತೆ ಮಾಯವಾಗುತ್ತದೆ, ಲಾಭವೂ ಕರಗುತ್ತದೆ. ಆದ್ದರಿಂದ ಎರಡನ್ನೂ ಮಾಡಿ, ಕ್ರಮ ತಪ್ಪಿಸಬೇಡಿ. ಪ್ರಯೋಗದಿಂದ ಸುದ್ದಿ ಮುಟ್ಟುವ ಸಮಯ, ಸುಳ್ಳು ಸಂದೇಶದ ಪಾಲು, ಚಿಕ್ಕ ನಿಲುಗಡೆಗಳ ಸಂಖ್ಯೆ ಇವನ್ನು ಪಡೆಯಿರಿ. ಹನ್ನೆರಡು ಯಂತ್ರಗಳಿಗೆ ಏನಾಗುತ್ತದೆ ಎಂಬುದನ್ನು ಸಿಮ್ಯುಲೇಶನ್‌ಗೆ ಬಿಡಿ.

ಬ್ರೇಕ್‌ಡೌನ್ ಪುಸ್ತಕವನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂದು ತಿಳಿಯಲು ಅದರ ಒಂದು ಪುಟ ತೆರೆದರೆ ಸಾಕು. ಸಮಯಗಳೆಲ್ಲ 15, 30, 60 ನಿಮಿಷ ಎಂದೇ ಬರೆದಿರುತ್ತದೆ. ಐದು ನಿಮಿಷದೊಳಗಿನ ನಿಲುಗಡೆ ಅಲ್ಲಿ ಇರುವುದೇ ಇಲ್ಲ. ಕಿಷ್ಕಿಂಧೆಯಂತಿರುವ, ಎಲ್ಲ ಮಾಲೂ ಹಾದುಹೋಗಬೇಕಾದ ಆ ಒಂದು ಯಂತ್ರದ ಪಕ್ಕದಲ್ಲಿ ಕೆಲವು ಪಾಳಿ ಗಡಿಯಾರ ಹಿಡಿದು ನಿಂತು ಬರೆದುಕೊಳ್ಳಿ. ಸರಾಸರಿಯನ್ನಷ್ಟೇ ಮಾದರಿಗೆ ಕೊಡಬೇಡಿ. ಎಲ್ಲ ನಿಲುಗಡೆಯೂ ಸರಿಯಾಗಿ 15 ನಿಮಿಷ ಎಂದು ಕೊಟ್ಟರೆ ಸಾಲು ಚಿಕ್ಕದಾಗಿ ಕಾಣುತ್ತದೆ. ಹತ್ತು ಸಲ 5 ನಿಮಿಷ, ಒಮ್ಮೆ ಎರಡು ಗಂಟೆ ಎಂಬ ಏರಿಳಿತದಲ್ಲೇ ಕಾಯುವಿಕೆ ಹುಟ್ಟುವುದು.

ಬಂದ ಉತ್ತರವನ್ನು ನಂಬಬಹುದೇ

ಮಾದರಿ ತಯಾರಾದ ಮೇಲೆ ಮೊದಲು ಸೆನ್ಸರ್ ಇಲ್ಲದ ಇಂದಿನ ಅಂಗಳವನ್ನೇ ಓಡಿಸಿ, ಕಳೆದ ತಿಂಗಳ ಉತ್ಪಾದನಾ ರಿಜಿಸ್ಟರ್‌ನೊಂದಿಗೆ ತಾಳೆ ನೋಡಿ. ಕಳೆದ ತಿಂಗಳನ್ನು ತೋರಿಸಲಾರದ ಮಾದರಿಯನ್ನು ಮುಂದಿನ ವರ್ಷದ ಬಗ್ಗೆ ಕೇಳಬೇಡಿ. ಖಾಲಿ ಅಂಗಳದಿಂದ ಶುರುವಾಗುವ ಆರಂಭದ ಅವಧಿಯನ್ನು ಲೆಕ್ಕದಿಂದ ಬಿಡಿ. ಒಂದೇ ಸಲ ಓಡಿಸಿ ಬಂದ ಅಂಕಿಗೆ ಬೆಲೆ ಕೊಡಬೇಡಿ. ಮೂವತ್ತು ಸಲ ಬೇರೆ ಬೇರೆ ಯಾದೃಚ್ಛಿಕ ಸಂಖ್ಯೆಗಳಿಂದ ಓಡಿಸಿ, ಉತ್ತರ ಎಷ್ಟು ಅಗಲಕ್ಕೆ ಹರಡಿದೆ ನೋಡಿ. ಸರಾಸರಿ ಉತ್ತರದಲ್ಲಿ ಉಳಿಯುವ ಅನಿಶ್ಚಿತತೆಯನ್ನು ಅರ್ಧಕ್ಕಿಳಿಸಬೇಕಾದರೆ ನಾಲ್ಕು ಪಟ್ಟು ಸಲ ಓಡಿಸಬೇಕು. ಎರಡು ಕೊಟೇಶನ್‌ಗಳನ್ನು ಹೋಲಿಸುವಾಗ ಎರಡಕ್ಕೂ ಅದೇ ನಿಲುಗಡೆಗಳು, ಅದೇ ಹೊತ್ತಿಗೆ ಬರುವಂತೆ ಮಾಡಿ. ಆಗ ಕಾಣುವ ವ್ಯತ್ಯಾಸ ತಂತ್ರಜ್ಞಾನದ್ದಾಗಿರುತ್ತದೆ, ಅದೃಷ್ಟದ್ದಲ್ಲ.

ಬೆಂಗಳೂರಿನವರಿಗೆ ನೆರವು ದೂರವಿಲ್ಲ. ಭಾರೀ ಕೈಗಾರಿಕೆಗಳ ಸಚಿವಾಲಯದ ಸಮರ್ಥ್ ಉದ್ಯೋಗ್ ಯೋಜನೆಯಡಿ ದೇಶದಲ್ಲಿ ಬಂದ ಮೊದಲ ನಾಲ್ಕು ಕೇಂದ್ರಗಳಲ್ಲಿ ಎರಡು ಈ ಊರಿನಲ್ಲಿವೆ: ಒಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಇನ್ನೊಂದು ತುಮಕೂರು ರಸ್ತೆಯ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯಲ್ಲಿ. ಹೋಗುವಾಗ ಬ್ರೇಕ್‌ಡೌನ್ ಪುಸ್ತಕದ ಪ್ರತಿ, ನೀವು ಗಡಿಯಾರ ಹಿಡಿದು ಬರೆದ ಹಾಳೆಗಳು, ಯಂತ್ರಗಳ ಕಂಟ್ರೋಲರ್ ಮಾದರಿಗಳ ಪಟ್ಟಿ, ಮೂರು ಕೊಟೇಶನ್‌ಗಳು, ಇಷ್ಟನ್ನೂ ತೆಗೆದುಕೊಂಡು ಹೋಗಿ. ಸಾಧ್ಯವಾದರೆ ಸೆಟ್ಟರ್‌ನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಸೆನ್ಸರ್ ಮಾರುವವರೊಂದಿಗೆ ಮಾತುಕತೆಗೆ ಕೂತಾಗ ಮಾದರಿ ಹೇಳಿದ ಮೂರು ಅಂಕಿಗಳನ್ನು, ಅಂದರೆ ಸುದ್ದಿ ಮುಟ್ಟಬೇಕಾದ ನಿಮಿಷ, ಸುಳ್ಳು ಸಂದೇಶದ ಗರಿಷ್ಠ ಪಾಲು, ಯಂತ್ರ ಓಡುವ ಸಮಯದ ಪಾಲನ್ನು ಖರೀದಿ ಪತ್ರದಲ್ಲೇ ಬರೆಸಿ. ಮೊದಲೆರಡು ಅವರ ಹೊಣೆ. ಮೂರನೆಯದು ನಿಮ್ಮದು ಮತ್ತು ಸೆಟ್ಟರ್‌ದು, ಅದನ್ನು ಅಳವಡಿಸಿದ ಮೂರು ತಿಂಗಳ ನಂತರ ಮಾದರಿಯ ಪಕ್ಕದಲ್ಲಿಟ್ಟು ನೋಡಿ.